1962ರ ವರದಿಯನ್ನು ಇನ್ನಾದರೂ ತೆರೆಯಿರಿ: ರಕ್ಷಣಾ ಸಚಿವರಿಗೆ ಒಂದು ಬಹಿರಂಗ ಪತ್ರ

ಭಾರತ ಸರ್ಕಾರದ ಮಾನ್ಯ ರಕ್ಷಣಾ ಸಚಿವರಿಗೆ,

ಸವಿನಯ ನಮಸ್ಕಾರಗಳು.

ನಾನು ಕೊಡಗು ಜಿಲ್ಲೆಯ ಕುಶಾಲನಗರದಲ್ಲಿ ನೆಲೆಸಿರುವ ನಿವೃತ್ತ ಇತಿಹಾಸ ಉಪನ್ಯಾಸಕ. 1962ರ ಭಾರತ–ಚೀನಾ ಯುದ್ಧ ಹೇಗೆ ಆರಂಭವಾಯಿತು ಎಂಬ ಪಾಠವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿಪೂರ್ವ ತರಗತಿಗಳಲ್ಲಿ ಮಾಡಿದ್ದೇನೆ. ಅಷ್ಟೂ ವರ್ಷ ಆ ಪಾಠವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು ಎಂಬ ಕೊರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಉಳಿದರ್ಧ ತಮ್ಮ ಸಚಿವಾಲಯದ ಸುಪರ್ದಿನಲ್ಲಿದೆ. ಲೆಫ್ಟಿನೆಂಟ್ ಜನರಲ್ ಟಿ.ಬಿ. ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮೀಂದ್ರ ಸಿಂಗ್ ಭಗತ್ ಅವರು ಆ ಯುದ್ಧದ ಸೋಲಿನ ಬಗ್ಗೆ 1963ರಲ್ಲಿ ಸಲ್ಲಿಸಿದ ವಿಚಾರಣಾ ವರದಿಯನ್ನು, ಅದಕ್ಕೆ ಹೊಂದಿಕೊಂಡ ಕಡತಗಳೊಂದಿಗೆ, ದೇಶದ ಜನರ ಮುಂದೆ ಇಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

2012ರ ಅಕ್ಟೋಬರ್‌ನಲ್ಲಿ, ಯುದ್ಧಕ್ಕೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ, ನಮ್ಮ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ಏರ್ಪಡಿಸಿದ್ದೆ. ‘ಯುದ್ಧವನ್ನು ಆರಂಭಿಸಿದವರು ಯಾರು?’ ಎಂಬುದೇ ವಿಷಯ. ಪರವಾಗಿ ಮಾತನಾಡಿದ ಹುಡುಗ ಅಕ್ಟೋಬರ್ 20ರ ಬೆಳಗಿನ ದಾಳಿಯನ್ನು ಮುಂದಿಟ್ಟ. ವಿರೋಧವಾಗಿ ಮಾತನಾಡಿದ ಹುಡುಗಿ ಅದಕ್ಕೂ ಒಂದು ವರ್ಷ ಹಿಂದಕ್ಕೆ ಹೋಗಿ ದೆಹಲಿಯ ಒಂದು ಸಭೆಯಿಂದ ಕಥೆ ಶುರು ಮಾಡಿದಳು. ತೀರ್ಪು ಹೇಳಲು ನಾನು ಎದ್ದು ನಿಂತಾಗ ಅವಳೇ ಕೇಳಿದಳು: “ಸಾರ್, ನಮ್ಮ ಸೇನೆಯೇ ವಿಚಾರಣೆ ಮಾಡಿ ಬರೆದ ವರದಿ ಇದೆ ಅಂತ ನೀವೇ ಹೇಳ್ತೀರಿ. ಅದನ್ನು ನೀವೂ ಓದಿಲ್ಲ, ನಾವೂ ಓದಿಲ್ಲ. ಹಾಗಿದ್ದ ಮೇಲೆ ನಮ್ಮಿಬ್ಬರಲ್ಲಿ ಯಾರು ಸರಿ ಅಂತ ನೀವು ಹೇಗೆ ಹೇಳ್ತೀರಿ?” ನಾನು ಬಹುಮಾನವನ್ನು ಇಬ್ಬರಿಗೂ ಹಂಚಿದೆ. ಅವಳ ಪ್ರಶ್ನೆಗೆ ಉತ್ತರ ಮಾತ್ರ ಕೊಡಲಾಗಲಿಲ್ಲ.

ಗುಂಡು ಮೊದಲು ಹಾರಿದ್ದು ಎಲ್ಲಿಂದ, ಯುದ್ಧಕ್ಕೆ ದಾರಿ ಮಾಡಿದ್ದು ಯಾವುದು ಎಂಬ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಒಂದೇ ಎಂದು ಭಾವಿಸುತ್ತೇವೆ. ಮೊದಲನೆಯ ಪ್ರಶ್ನೆಗೆ ಉತ್ತರದಲ್ಲಿ ನನಗೆ ಸಂದೇಹವಿಲ್ಲ. 1962ರ ಅಕ್ಟೋಬರ್ 20ರ ನಸುಕಿನಲ್ಲಿ ನೇಫಾದ (ಇಂದಿನ ಅರುಣಾಚಲ ಪ್ರದೇಶದ) ಪಶ್ಚಿಮ ತುದಿಯಲ್ಲಿರುವ ನಾಮ್‌ಕಾ ಚು ಹೊಳೆಯ ದಂಡೆಯ ಮೇಲೆ ಚೀನಾದ ಸೇನೆ ಫಿರಂಗಿ, ಮಾರ್ಟರ್‌ಗಳ ಮಳೆಗರೆದು ನಮ್ಮ 7ನೇ ಬ್ರಿಗೇಡಿನ ಮೇಲೆ ಎರಗಿತು. ಅದೇ ಬೆಳಿಗ್ಗೆ, ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಲಡಾಖ್‌ನಲ್ಲಿಯೂ ನಮ್ಮ ಠಾಣೆಗಳ ಮೇಲೆ ದಾಳಿಯಾಯಿತು. ಭಾರತವೇ ಮೊದಲು ಭಾರೀ ದಾಳಿ ನಡೆಸಿತು, ತಾವು ಆತ್ಮರಕ್ಷಣೆಗಾಗಿ ಪ್ರತಿದಾಳಿ ಮಾಡಿದೆವು ಎಂದು ಬೀಜಿಂಗ್ ಅಂದು ಹೇಳಿತು, ಇಂದಿಗೂ ಹಾಗೆಯೇ ಹೇಳುತ್ತಿದೆ. ಆದರೆ ಹಿಮಾಲಯದ ಎರಡು ತುದಿಗಳಲ್ಲಿ ಒಂದೇ ಮುಂಜಾವಿನಲ್ಲಿ ದಾಳಿ ನಡೆಯಬೇಕಾದರೆ ವಾರಗಟ್ಟಲೆ ಸಿದ್ಧತೆ ಆಗಿರಲೇಬೇಕು. ಒಂದು ರಾತ್ರಿಯ ಚಕಮಕಿಗೆ ಕೊಟ್ಟ ಉತ್ತರ ಹಾಗಿರುವುದಿಲ್ಲ. ಈ ಮಾತನ್ನು ಯಾವ ವೇದಿಕೆಯ ಮೇಲಾದರೂ ಹೇಳಲು ನಾನು ಸಿದ್ಧ.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಅದಕ್ಕಾಗಿ ಅದೇ ನಾಮ್‌ಕಾ ಚು ದಂಡೆಗೆ ಮರಳಬೇಕು.

ಥಾಗ್‌ಲಾ ಎಂಬ ಎತ್ತರದ ದಿಣ್ಣೆಯ ಬುಡದಲ್ಲಿ ಹರಿಯುವ ಕಿರಿದಾದ, ರಭಸದ ಹೊಳೆ ಅದು. ದಾಟುವುದಕ್ಕೆ ಮರದ ದಿಮ್ಮಿಗಳನ್ನು ಅಡ್ಡ ಹಾಕಿ ಮಾಡಿದ ಕಾಲುಸಂಕಗಳಿದ್ದವು. ಸೈನಿಕರು ಅವುಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ ಹೆಸರಿಟ್ಟಿದ್ದರು. ದಿಣ್ಣೆಯ ಮೇಲೆ ಚೀನೀಯರು, ಕೆಳಗೆ ಹೊಳೆಯ ಪಕ್ಕದಲ್ಲಿ ನಮ್ಮವರು. ಮೇಲಿನಿಂದ ನೋಡುವವನಿಗೆ ನಮ್ಮ ಪ್ರತಿಯೊಂದು ಬಂಕರು, ಪ್ರತಿಯೊಂದು ಒಲೆಯ ಹೊಗೆ ಕಾಣುತ್ತಿತ್ತು. ಅಕ್ಟೋಬರ್ ತಿಂಗಳ ಆ ಚಳಿಯಲ್ಲಿ ನಮ್ಮವರಲ್ಲಿ ಬಹುಪಾಲು ಮಂದಿ ಬಯಲುನಾಡಿನ ಹತ್ತಿಬಟ್ಟೆಯ ಸಮವಸ್ತ್ರದಲ್ಲಿದ್ದರು. ಕೈಯಲ್ಲಿ ಪಾಯಿಂಟ್ 303 ರೈಫಲ್, ಜೇಬಿನಲ್ಲಿ ಐವತ್ತು ಸುತ್ತು ಗುಂಡು. ಬ್ರಿಗೇಡಿಯರ್ ಜಾನ್ ದಳವಿ ಅವರ ಆ ಬ್ರಿಗೇಡಿನಲ್ಲಿದ್ದ 2ನೇ ರಜಪೂತ್ ಬೆಟಾಲಿಯನ್ನಿನ ಸುಮಾರು 500 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಂದು ಬೆಳಿಗ್ಗೆಯೇ ಅಲ್ಲಿ ಬಿದ್ದುಹೋದರು. ದಳವಿಯವರೇ ಎರಡು ದಿನಗಳ ನಂತರ ಸೆರೆಯಾದರು.

ಇಂಥ ತಗ್ಗಿನಲ್ಲಿ ಅವರನ್ನು ಯಾರು, ಯಾಕೆ ನಿಲ್ಲಿಸಿದರು? 1962ರ ಜೂನ್ ತಿಂಗಳಲ್ಲಿ ಅಸ್ಸಾಂ ರೈಫಲ್ಸ್‌ನ ಒಂದು ತುಕಡಿ ಅಲ್ಲಿ ಧೋಲಾ ಎಂಬ ಹೆಸರಿನ ಠಾಣೆ ಹಾಕಿತು. 1914ರ ಸಿಮ್ಲಾ ಮಾತುಕತೆಯ ಕಾಲದಲ್ಲಿ ಬ್ರಿಟಿಷ್ ಭಾರತದ ಪ್ರತಿನಿಧಿ ಹೆನ್ರಿ ಮ್ಯಾಕ್‌ಮಹೋನ್ ಮತ್ತು ಟಿಬೆಟಿನ ಪ್ರತಿನಿಧಿ ಒಪ್ಪಿ ನಕ್ಷೆಯ ಮೇಲೆ ಎಳೆದ ಗೆರೆಯನ್ನು ಇದ್ದಂತೆಯೇ ನೆಲಕ್ಕಿಳಿಸಿದರೆ, ಥಾಗ್‌ಲಾ ದಿಣ್ಣೆ ಮತ್ತು ಧೋಲಾ ಠಾಣೆ ಆ ಗೆರೆಯ ಉತ್ತರಕ್ಕೆ ಬೀಳುತ್ತವೆ. ನೀರು ಎರಡು ಕಡೆಗೆ ಹರಿದುಹೋಗುವ ದಿಣ್ಣೆಯ ನೆತ್ತಿಯೇ ಗಡಿ ಎಂಬುದು ಆ ಗೆರೆಯ ಉದ್ದೇಶವಾಗಿತ್ತು, ಆದ್ದರಿಂದ ಥಾಗ್‌ಲಾ ನೆತ್ತಿಯೇ ನಿಜವಾದ ಗಡಿ ಎಂಬುದು ಭಾರತದ ವಾದ. ಈ ವಾದದಲ್ಲಿ ತೂಕವಿದೆ ಎಂದೇ ನಾನು ಎಣಿಸುತ್ತೇನೆ. ಸರಿಯಾದ ಸರ್ವೇ ನಡೆಯುವ ಮೊದಲು ಚಿಕ್ಕ ಅಳತೆಯ ನಕ್ಷೆಯಲ್ಲಿ ದಪ್ಪ ಲೇಖನಿಯಿಂದ ಎಳೆದ ಗೆರೆ ನೆಲದ ಮೇಲೆ ಮೈಲುಗಟ್ಟಲೆ ಆಚೀಚೆ ಆಗುವುದು ಸಹಜ. ಜಮೀನಿನ ಬಾಂದು ಕಲ್ಲಿನ ವ್ಯಾಜ್ಯ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಚೀನಾ ಆ ಗೆರೆಯನ್ನೇ ಒಪ್ಪಿರಲಿಲ್ಲ. ಹೀಗಿರುವಾಗ, ಗೆರೆಯ ಅರ್ಥದ ಬಗ್ಗೆಯೇ ತಕರಾರಿರುವ ಒಂದು ಜಾಗದಲ್ಲಿ, ಹಿಂದೆ ರಸ್ತೆಯಿಲ್ಲದೆ, ಮೇಲೆ ರಕ್ಷಣೆಯಿಲ್ಲದೆ, ಒಂದು ಸಣ್ಣ ಠಾಣೆ ಹಾಕಲು ಹೊರಟವರು ಏನು ಲೆಕ್ಕ ಹಾಕಿದ್ದರು ಎಂಬುದೇ ನನ್ನ ವಿದ್ಯಾರ್ಥಿನಿಯ ಪ್ರಶ್ನೆ.

ಸೆಪ್ಟೆಂಬರ್ 8ರಂದು ಚೀನೀಯರು ಥಾಗ್‌ಲಾದಿಂದ ಇಳಿದು ಧೋಲಾ ಸುತ್ತ ಜಮಾಯಿಸಿದರು. ಅವರನ್ನು ಅಲ್ಲಿಂದ ಹೊರಹಾಕಬೇಕೆಂಬ ತೀರ್ಮಾನ ದೆಹಲಿಯಲ್ಲಾಯಿತು. ಸೇನಾ ಮುಖ್ಯಸ್ಥ ಜನರಲ್ ಪಿ.ಎನ್. ಥಾಪರ್ ಲಿಖಿತ ಆದೇಶ ಕೇಳಿದರು. ಸೆಪ್ಟೆಂಬರ್ 22ರಂದು ರಕ್ಷಣಾ ಸಚಿವಾಲಯದ ಜಂಟಿ ಕಾರ್ಯದರ್ಶಿಯೊಬ್ಬರ ಸಹಿಯಲ್ಲಿ ಅದು ಬಂದಿತು. ಆಗ ಪ್ರಧಾನಿ ನೆಹರು ಲಂಡನ್ನಿನ ಸಭೆಯಲ್ಲಿದ್ದರು, ರಕ್ಷಣಾ ಸಚಿವ ಕೃಷ್ಣ ಮೆನನ್ ನ್ಯೂಯಾರ್ಕಿನಲ್ಲಿದ್ದರು. ಅಷ್ಟು ದೊಡ್ಡ ತೀರ್ಮಾನ ಒಂದು ಸಣ್ಣ ಟಿಪ್ಪಣಿಯ ರೂಪದಲ್ಲಿ ಹೊಳೆದಂಡೆಯ ಸೈನಿಕರನ್ನು ತಲುಪಿತು. ಸ್ಥಳದ ಸೇನಾಧಿಕಾರಿಗಳು ಇದು ಆಗದ ಕೆಲಸ ಎಂದರು. 33ನೇ ಕೋರ್‌ನ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಅವರ ಆಕ್ಷೇಪಕ್ಕೆ ಸಿಕ್ಕ ಉತ್ತರವೆಂದರೆ, ನೇಫಾದ ಹೊಣೆಯನ್ನು ಅವರಿಂದ ತೆಗೆದು, 4ನೇ ಕೋರ್ ಎಂಬ ಹೊಸ ಕೋರ್ ರಚಿಸಿ, ಅದನ್ನು ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರ ಕೈಗೊಪ್ಪಿಸಿದ್ದು. ಅಕ್ಟೋಬರ್ 10ರಂದು ತ್ಸೆಂಗ್‌ಜಾಂಗ್ ಎಂಬಲ್ಲಿ 9ನೇ ಪಂಜಾಬ್‌ನ ಕೆಲವೇ ಸೈನಿಕರು ಚೀನೀಯರ ದೊಡ್ಡ ದಂಡನ್ನು ಎದುರಿಸಿ ಹೋರಾಡಿದರು. ಅಕ್ಟೋಬರ್ 12ರಂದು ಸಿಲೋನಿಗೆ ಹೊರಟಿದ್ದ ನೆಹರು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ, ನಮ್ಮ ನೆಲವನ್ನು ತೆರವು ಮಾಡಿಸುವಂತೆ ಸೇನೆಗೆ ಸೂಚನೆಯಿದೆ, ದಿನ ನಿಗದಿ ಮಾಡುವುದು ಸೇನೆಗೆ ಬಿಟ್ಟದ್ದು ಎಂಬರ್ಥದ ಮಾತು ಹೇಳಿದರು. ಎಂಟು ದಿನಗಳ ನಂತರ ಚೀನಾ ದಾಳಿ ಮಾಡಿತು. ಚೀನಾದ ಸಿದ್ಧತೆ ಅದಕ್ಕೂ ಮೊದಲೇ ಆಗಿತ್ತೆಂಬುದು ನಿಜ. ಆದರೆ ಆ ಒಂದು ಮಾತು ಅವರಿಗೆ ಲೋಕದ ಮುಂದೆ ಹಿಡಿದು ತೋರಿಸಲು ಒಂದು ನೆಪವನ್ನು ಕೊಟ್ಟಿತು.

ಇಷ್ಟು ಕಟ್ಟಿಕೊಳ್ಳುವುದಕ್ಕೆ ಬದುಕುಳಿದವರ ನೆನಪುಗಳೇ ನಮಗೆ ಆಧಾರ. ಅವರಲ್ಲಿ ಕೆಲವರು ತಮ್ಮ ಹೆಸರು ಉಳಿಸಿಕೊಳ್ಳಲು ಬರೆದರು, ಕೆಲವರು ನೋವು ತಾಳಲಾರದೆ ಬರೆದರು. ಮೂಲ ಕಡತ ಕಣ್ಣಮುಂದೆ ಇಲ್ಲದಿರುವಾಗ ಯಾವುದನ್ನು ಎಷ್ಟು ನಂಬಬೇಕೆಂದು ತೂಗಿ ನೋಡುವುದಕ್ಕೆ ತಕ್ಕಡಿಯೇ ಇಲ್ಲದಂತಾಗಿದೆ.

ಲಡಾಖ್ ಕಡೆಯ ಕಥೆ ಇನ್ನೂ ಹಿಂದಿನಿಂದ ಬರುತ್ತದೆ. ಅಕ್ಸಾಯ್ ಚಿನ್ ಭಾಗದ ಗಡಿಯನ್ನು ಸ್ವತಂತ್ರ ಭಾರತದ ಮೊದಲ ನಕ್ಷೆಗಳು ‘ನಿಗದಿಯಾಗದ್ದು’ ಎಂದೇ ತೋರಿಸುತ್ತಿದ್ದವು. 1954ರಲ್ಲಿ ಪಂಚಶೀಲ ಒಪ್ಪಂದವಾದ ಎರಡೇ ತಿಂಗಳಲ್ಲಿ, ಜುಲೈ 1ರ ಟಿಪ್ಪಣಿಯೊಂದರಲ್ಲಿ ನೆಹರು ಹೊಸ ನಕ್ಷೆಗಳಲ್ಲಿ ಖಚಿತವಾದ ಗಡಿರೇಖೆ ಇರಬೇಕು, ಅದು ಯಾರೊಡನೆಯೂ ಚರ್ಚೆಗೆ ಬಿಡುವ ವಿಷಯವಲ್ಲ ಎಂದು ಸೂಚಿಸಿದರು. ಅದೇ ಕಾಲದಲ್ಲಿ ಚೀನಾದ ನಕ್ಷೆಗಳು ನೇಫಾದ ಬಹುಭಾಗವನ್ನೇ ತಮ್ಮದೆಂದು ತೋರಿಸುತ್ತಿದ್ದವು. ಕೇಳಿದಾಗ ಪ್ರಧಾನಿ ಚೌ ಎನ್‌ಲಾಯ್, ಅವು ಹಳೆಯ ಸರ್ಕಾರದ ನಕ್ಷೆಗಳು, ತಿದ್ದಲು ಪುರುಸೊತ್ತಾಗಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. 1957ರಲ್ಲಿ ಷಿನ್‌ಜಿಯಾಂಗ್‌ನಿಂದ ಟಿಬೆಟಿಗೆ ರಸ್ತೆ ಮುಗಿಯಿತೆಂದು ಚೀನಾ ಸಾರಿದ ಮೇಲೆಯೇ ಅದು ಅಕ್ಸಾಯ್ ಚಿನ್ ಮೂಲಕ ಹಾದುಹೋಗುತ್ತದೆ ಎಂಬ ಅನುಮಾನ ದೆಹಲಿಯಲ್ಲಿ ಗಟ್ಟಿಯಾಯಿತು. ಸ್ನೇಹದ ಮಾತಾಡುತ್ತಲೇ ನೆರೆಯವನು ನಮ್ಮದೆಂದುಕೊಂಡ ನೆಲದಲ್ಲಿ ಸದ್ದಿಲ್ಲದೆ ರಸ್ತೆ ಕಡಿದಿದ್ದ. ಇದನ್ನು ವಂಚನೆ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಸರ್ಕಾರ ಈ ಸಂಗತಿಯನ್ನು 1959ರವರೆಗೆ ಸಂಸತ್ತಿಗೂ ಹೇಳದೆ ಇಟ್ಟುಕೊಂಡಿತು. ಹೇಳಿದಾಗ ಜನರ ಸಿಟ್ಟು ಉಕ್ಕಿತು; ಆ ಸಿಟ್ಟಿನ ಮುಂದೆ ಮಾತುಕತೆಗೆ ಜಾಗವೇ ಉಳಿಯಲಿಲ್ಲ. ಮುಚ್ಚಿಡುವ ಚಾಳಿ ಈ ಯುದ್ಧದ ಕಾರಣಗಳಲ್ಲಿಯೇ ಒಂದು ಎಂದು ನಾನು ಹೇಳುವುದು ಇದೇ ಅರ್ಥದಲ್ಲಿ.

ಟಿಬೆಟಿನ ಮಾತು ಬಂದರೆ ನಮ್ಮೂರಿನವರಿಗೆ ಅದು ದೂರದ ವಿಷಯವಲ್ಲ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಬೈಲಕುಪ್ಪೆ. 1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ದಲೈ ಲಾಮಾ ಮಾರ್ಚ್ 31ರಂದು ಗಡಿ ದಾಟಿ ಭಾರತಕ್ಕೆ ಬಂದ ಮೇಲೆ, ಆಗಿನ ಮೈಸೂರು ಸರ್ಕಾರ ಕೊಟ್ಟ ಕಾಡುನೆಲವನ್ನು ಕಡಿದು ಹಸನು ಮಾಡಿದ ಟಿಬೆಟನ್ನರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಂತೆಯಲ್ಲಿ ನಮ್ಮೊಂದಿಗೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಅವರಿಗೆ ಆಶ್ರಯ ಕೊಟ್ಟದ್ದು ಸರಿಯಾದ ಕೆಲಸ; ಅದರ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಆದರೆ ಟಿಬೆಟಿನ ದಂಗೆಯ ಹಿಂದೆ ಭಾರತದ ಕೈಯಿದೆ ಎಂದು ಚೀನಾದ ನಾಯಕ ಮಾವೊ ತ್ಸೆ ತುಂಗ್ ಮತ್ತು ಅವರ ಸಹೋದ್ಯೋಗಿಗಳು ನಂಬಿದರು, ಆ ನಂಬಿಕೆ ಗಡಿಯ ತಕರಾರಿಗೆ ವಿಷ ಬೆರೆಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನೇಫಾ ಗಡಿಯ ಲಾಂಗ್‌ಜು, ಅಕ್ಟೋಬರ್ 21ರಂದು ಲಡಾಖಿನ ಕೊಂಗ್ಕಾ ಕಣಿವೆ ಎಂದು ರಕ್ತ ಹರಿಯಿತು. ಕೊಂಗ್ಕಾದ ಬಳಿ ಮಡಿದ ನಮ್ಮ ಪೊಲೀಸರ ನೆನಪಿಗಾಗಿಯೇ ಇಂದಿಗೂ ಅಕ್ಟೋಬರ್ 21ರಂದು ದೇಶದ ಎಲ್ಲ ಪೊಲೀಸ್ ಮೈದಾನಗಳಲ್ಲಿ ಹುತಾತ್ಮರ ದಿನ ಆಚರಿಸುತ್ತಾರೆ. ಕವಾಯತು ನಡೆಯುತ್ತದೆ, ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದುತ್ತಾರೆ. ಈ ದಿನವೇ ಯಾಕೆ ಎಂದು ಕೇಳಿದರೆ ಬಹಳಷ್ಟು ಯುವ ಪೊಲೀಸರಿಗೆ ಗೊತ್ತಿರುವುದಿಲ್ಲ.

1960ರ ಏಪ್ರಿಲ್‌ನಲ್ಲಿ ಚೌ ಎನ್‌ಲಾಯ್ ದೆಹಲಿಗೆ ಬಂದಾಗ, ಪೂರ್ವದಲ್ಲಿ ನಿಮ್ಮ ಗೆರೆ ನಾವು ಒಪ್ಪುತ್ತೇವೆ, ಪಶ್ಚಿಮದಲ್ಲಿ ನಮ್ಮದನ್ನು ನೀವು ಒಪ್ಪಿ ಎಂಬ ಇಂಗಿತವಿತ್ತೆಂದು ಹೆಚ್ಚಿನ ಇತಿಹಾಸಕಾರರು ಅರ್ಥ ಮಾಡಿಕೊಂಡಿದ್ದಾರೆ. ನೆಹರು ಒಪ್ಪಲಿಲ್ಲ. ಅದನ್ನು ಹಠ ಎನ್ನುವವರು, ಆ ಭೇಟಿಗೆ ಕೆಲವೇ ವಾರ ಮುಂಚೆ ಬೇರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂವಿಧಾನ ತಿದ್ದುಪಡಿಯಿಲ್ಲದೆ ದೇಶದ ನೆಲವನ್ನು ಬಿಟ್ಟುಕೊಡುವ ಹಾಗಿಲ್ಲ ಎಂದು ಅಭಿಪ್ರಾಯ ಕೊಟ್ಟಿತ್ತೆಂಬುದನ್ನು ಮರೆಯಬಾರದು. ಆಗಿನ ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ ಒಂದಂಗುಲವನ್ನೂ ಬಿಡಕೂಡದೆಂಬ ಕೂಗೆದ್ದಿತ್ತು. ಒಬ್ಬರ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸುವ ಈಚಿನ ಚಾಳಿಯನ್ನು ನಾನು ಒಪ್ಪುವುದಿಲ್ಲ.

ಆದರೆ 1961ರ ನವೆಂಬರ್ 2ರ ಸಭೆಯ ಬಗ್ಗೆ ಹಾಗೆ ಸುಮ್ಮನಿರಲು ಸಾಧ್ಯವಿಲ್ಲ. ನನ್ನ ವಿದ್ಯಾರ್ಥಿನಿ ಕಥೆ ಶುರು ಮಾಡಿದ್ದು ಈ ಸಭೆಯಿಂದಲೇ. ನೆಹರು, ಕೃಷ್ಣ ಮೆನನ್, ಜನರಲ್ ಥಾಪರ್, ಕೌಲ್, ಗುಪ್ತಚರ ದಳದ ನಿರ್ದೇಶಕ ಬಿ.ಎನ್. ಮಲ್ಲಿಕ್ ಮೊದಲಾದವರು ಕೂತು, ಖಾಲಿಯಿರುವ ಕಡೆಯೆಲ್ಲ ಠಾಣೆಗಳನ್ನು ಹಾಕುತ್ತ ಮುಂದಕ್ಕೆ ಹೋಗಬೇಕೆಂಬ ನೀತಿಗೆ ಒಪ್ಪಿಗೆ ಕೊಟ್ಟರು. ‘ಫಾರ್ವರ್ಡ್ ಪಾಲಿಸಿ’ ಎಂದು ಮುಂದೆ ಹೆಸರಾದದ್ದು ಇದೇ. ನಾವು ಠಾಣೆ ಹಾಕಿದರೆ ಚೀನೀಯರು ಬಲ ಪ್ರಯೋಗಿಸುವುದಿಲ್ಲ ಎಂಬುದು ಗುಪ್ತಚರ ದಳದ ಅಂದಾಜಾಗಿತ್ತು. ಮುಂದಿನ ಠಾಣೆಗಳಿಗೆ ಬೆನ್ನಾಗಿ ಹಿಂದೆ ದೊಡ್ಡ ನೆಲೆಗಳನ್ನು ಕಟ್ಟಬೇಕು ಎಂಬ ಮಾತೂ ಆ ಸಭೆಯ ತೀರ್ಮಾನದಲ್ಲಿತ್ತು. ಡಿಸೆಂಬರ್ 5ರಂದು ಸೇನಾ ಕೇಂದ್ರ ಕಚೇರಿಯಿಂದ ಹೊರಟ ಆದೇಶದಲ್ಲಿ ಈ ಮಾತು ಬಿಟ್ಟುಹೋಗಿತ್ತು. ಮನೆ ಕಟ್ಟುವಾಗ ಅಡಿಪಾಯದ ಸಾಲನ್ನು ಬಿಟ್ಟು ಗೋಡೆಯ ಸಾಲನ್ನಷ್ಟೇ ನಕಲು ಮಾಡಿದ ಹಾಗೆ. ಯಾರು ಬಿಟ್ಟರು, ಯಾಕೆ ಬಿಟ್ಟರು, ಅದನ್ನು ಯಾರೂ ಯಾಕೆ ಗಮನಿಸಲಿಲ್ಲ? ಪಶ್ಚಿಮ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ದೌಲತ್ ಸಿಂಗ್ ಅವರು 1962ರ ಆಗಸ್ಟ್‌ನಲ್ಲಿ, ಕೈಯಲ್ಲಿರುವ ಸೈನ್ಯಬಲಕ್ಕೆ ತಕ್ಕಂತೆ ನೀತಿ ಇರಬೇಕೆಂದು ಬರೆದು ಎಚ್ಚರಿಸಿದ ಮೇಲೆಯೂ ಆ ಪತ್ರ ಯಾರ ಮೇಜಿನ ಮೇಲೆ ಉಳಿಯಿತು? ಇವೆಲ್ಲ ನಮ್ಮದೇ ಮನೆಯೊಳಗಿನ ಪ್ರಶ್ನೆಗಳು. ಇವುಗಳಿಗೆ ಉತ್ತರ ಬೀಜಿಂಗ್‌ನಲ್ಲಿಲ್ಲ, ದೆಹಲಿಯಲ್ಲಿದೆ.

1962ರ ಜುಲೈ ತಿಂಗಳಲ್ಲಿ ಗಾಲ್ವಾನ್ ಕಣಿವೆಯಲ್ಲಿ ಹಾಕಿದ ನಮ್ಮ ಗೂರ್ಖಾ ಠಾಣೆಯನ್ನು ಚೀನೀಯರು ಸುತ್ತುವರಿದರು. ಗುಂಡು ಹಾರಲಿಲ್ಲ, ತಿಂಗಳುಗಟ್ಟಲೆ ಹೆಲಿಕಾಪ್ಟರಿನಲ್ಲಿ ಅಲ್ಲಿಗೆ ಅನ್ನ ಮುಟ್ಟಿಸಬೇಕಾಯಿತು. ಗುಂಡು ಹಾರಲಿಲ್ಲವಾದ್ದರಿಂದ ದೆಹಲಿಯಲ್ಲಿ ನಮ್ಮ ಅಂದಾಜು ಸರಿಯಾಯಿತೆಂದು ಭಾವಿಸಿದರು, ಬೀಜಿಂಗ್‌ನಲ್ಲಿ ಭಾರತ ಎಚ್ಚರಿಕೆಗೆ ಬಗ್ಗುವುದಿಲ್ಲವೆಂದು ಭಾವಿಸಿದರು. ಒಂದೇ ಘಟನೆಯಿಂದ ಎರಡು ರಾಜಧಾನಿಗಳು ತದ್ವಿರುದ್ಧವಾದ ಪಾಠ ಕಲಿತವು. ಯುದ್ಧ ಹೇಗೆ ಹುಟ್ಟಿತೆಂದು ನನ್ನನ್ನು ಒಂದೇ ಉದಾಹರಣೆಯಲ್ಲಿ ಹೇಳು ಎಂದರೆ ನಾನು ಅಕ್ಟೋಬರ್ 20ನ್ನು ಬಿಟ್ಟು ಈ ಗಾಲ್ವಾನ್ ಬೇಸಿಗೆಯನ್ನೇ ಹೇಳುತ್ತೇನೆ. 2020ರ ಜೂನ್ 15ರ ರಾತ್ರಿ ಅದೇ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟಾಗ ನನ್ನ ಮನಸ್ಸಿಗೆ ಮೊದಲು ಬಂದದ್ದೂ ಆ ಬೇಸಿಗೆಯೇ.

ಚೀನಾದ ಲೆಕ್ಕಾಚಾರವೂ ಇತ್ತು, ಅದನ್ನು ಮರೆಮಾಚುವುದು ನನ್ನ ಉದ್ದೇಶವಲ್ಲ. 1962ರ ಜೂನ್‌ನಲ್ಲಿ ವಾರ್ಸಾದಲ್ಲಿ ಅಮೆರಿಕದ ರಾಯಭಾರಿ, ಚೀನಾದ ಮೇಲೆ ತೈವಾನ್ ನಡೆಸಬಹುದಾದ ದಾಳಿಗೆ ತಮ್ಮ ಬೆಂಬಲವಿಲ್ಲವೆಂದು ಚೀನಾಕ್ಕೆ ತಿಳಿಸಿದ ಮೇಲೆ ಅವರ ಒಂದು ಬದಿಯ ಭಯ ತಗ್ಗಿತು. ಅಕ್ಟೋಬರ್ ಕೊನೆಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಕ್ಯೂಬಾದ ಕ್ಷಿಪಣಿಗಳಲ್ಲಿ ಮುಳುಗಿದ್ದವು. ಅನ್ನವಿಲ್ಲದೆ ಕೋಟ್ಯಂತರ ಜನ ಸತ್ತ ‘ಮಹಾ ಜಿಗಿತ’ದ ನಂತರ ಮಾವೊ ತಮ್ಮ ಪಕ್ಷದೊಳಗೆ ಪಟ್ಟು ಬಿಗಿಗೊಳಿಸುತ್ತಿದ್ದ ಕಾಲ ಅದು. ಒಂದು ತಿಂಗಳಲ್ಲಿ ಯುದ್ಧ ಮುಗಿಸಿ, ನವೆಂಬರ್ 21ರಿಂದ ತಾವಾಗಿಯೇ ಕದನ ನಿಲ್ಲಿಸಿ, ನೇಫಾದಿಂದ ಹಿಂದೆ ಸರಿದು ಅಕ್ಸಾಯ್ ಚಿನ್ನನ್ನು ಭದ್ರಪಡಿಸಿಕೊಂಡದ್ದು, ಇದು ಮೊದಲೇ ಅಳೆದು ಕೊಟ್ಟ ಪೆಟ್ಟೆಂಬುದನ್ನು ತೋರಿಸುತ್ತದೆ. ಚೀನಾ ತನ್ನ ಕಡತಗಳನ್ನು ತೆರೆಯುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಚುನಾಯಿತ ಸರ್ಕಾರವಿರುವ ದೇಶ ತನ್ನ ಪಾರದರ್ಶಕತೆಯ ಅಳತೆಗೋಲನ್ನು ಅಲ್ಲಿಂದ ತರಿಸಿಕೊಳ್ಳಬೇಕೆ?

ಯುದ್ಧದಲ್ಲಿ ನಮ್ಮ 1,383 ಯೋಧರು ಮಡಿದರು, 1,696 ಮಂದಿ ಕಾಣೆಯಾದರು, 3,968 ಮಂದಿ ಸೆರೆಯಾದರು ಎಂದು ತಮ್ಮ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಆ ಸೆರೆಯಾದವರಲ್ಲಿ ನನ್ನ ಸೋದರಮಾವ ಒಬ್ಬರು. 1963ರಲ್ಲಿ ಬಿಡುಗಡೆಯಾಗಿ ಊರಿಗೆ ಬಂದಾಗ ಅವರ ಎರಡು ಕಾಲ್ಬೆರಳುಗಳು ಹಿಮಕ್ಕೆ ಹೋಗಿದ್ದವು. ನಾನು ಇತಿಹಾಸ ಓದುವವನೆಂದು ಅವರಿಗೆ ನನ್ನ ಮೇಲೆ ಅಕ್ಕರೆ. ಒಂದು ಮಳೆಗಾಲದ ಸಂಜೆ, ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ, ಅಲ್ಲಿಗೆ ನಿಮ್ಮನ್ನು ಯಾಕೆ ಕಳಿಸಿದರು ಮಾವ ಎಂದು ಕೇಳಿದೆ. ಲೋಟವನ್ನು ಕೆಳಗಿಟ್ಟು, “ನಮಗೆ ಯಾರೂ ಏನೂ ಹೇಳಿರಲಿಲ್ಲ ಕಣೋ. ನೀನು ಓದಿದವನು, ನಿನಗೆ ಗೊತ್ತಾದರೆ ನನಗೂ ಹೇಳು” ಎಂದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ನಾನು ಹೇಳಲಾಗಲಿಲ್ಲ.

ಮಾನ್ಯರೇ, ಪ್ರಶ್ನೆ ಕೇಳುವುದು ಸೇನೆಗೆ ಮಾಡುವ ಅಗೌರವ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನು ಬರೆಯುತ್ತಿರುವುದು ಜನರಲ್ ಕೆ.ಎಸ್. ತಿಮ್ಮಯ್ಯನವರ ಜಿಲ್ಲೆಯಿಂದ. ಅವರು ಹುಟ್ಟಿ ಬೆಳೆದ ಮಡಿಕೇರಿಯ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಶಾಲೆಯ ಮಕ್ಕಳು ಬಂದು ಅಂಗಳದ ಯುದ್ಧ ಟ್ಯಾಂಕಿನ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಸೇನಾ ಮುಖ್ಯಸ್ಥರಾಗಿದ್ದಾಗ 1959ರಲ್ಲಿ ತಿಮ್ಮಯ್ಯನವರು ರಕ್ಷಣಾ ಸಚಿವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ನೆಹರು ಅವರ ಮಾತಿನ ಮೇಲೆ ಹಿಂತೆಗೆದುಕೊಂಡರು. ನಿವೃತ್ತರಾದ ಮೇಲೆ, ಯುದ್ಧಕ್ಕೆ ಮೂರು ತಿಂಗಳ ಮುಂಚೆ, 1962ರ ಜುಲೈನಲ್ಲಿ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ, ಭಾರತ ಒಂಟಿಯಾಗಿ ಚೀನಾದೊಡನೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿಯೂ ತಾನು ಊಹಿಸಲಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ದೇಶಪ್ರೇಮವನ್ನು ಅಂದೂ ಯಾರೂ ಸಂಶಯಿಸಲಿಲ್ಲ. ಅವರ ಮಾತಿಗೆ ದೆಹಲಿಯಲ್ಲಿ ಯಾರಾದರೂ ಕಿವಿಗೊಟ್ಟರೆ ಎಂಬುದೂ ಮುಚ್ಚಿದ ಕಡತಗಳಲ್ಲಿಯೇ ಇರಬಹುದು.

ಯುದ್ಧ ನಡೆಯುತ್ತಿರುವಾಗಲೇ, ನವೆಂಬರ್ 8ರಿಂದ, ಸಂಸತ್ತು ಕೂಡಿ ಅದರ ಬಗ್ಗೆ ಚರ್ಚಿಸಿತು. ಅಧಿವೇಶನ ಕರೆಯಿರಿ ಎಂದು ಒತ್ತಾಯಿಸಿದವರಲ್ಲಿ ಆಗಿನ್ನೂ ಯುವಕರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಇದ್ದರು. ಗುಪ್ತ ಅಧಿವೇಶನ ನಡೆಸೋಣ ಎಂಬ ಸಲಹೆಯನ್ನು ನೆಹರು ತಳ್ಳಿಹಾಕಿದರು. ನೂರಕ್ಕೂ ಹೆಚ್ಚು ಸದಸ್ಯರು ಎದ್ದು ನಿಂತು, ಶತ್ರು ಮನೆಬಾಗಿಲಲ್ಲಿರುವಾಗ, ಸರ್ಕಾರದ ತಪ್ಪುಗಳನ್ನು ಬಾಯಿ ತುಂಬ ಎತ್ತಿ ಆಡಿದರು. ಕೃಷ್ಣ ಮೆನನ್ ಸಂಪುಟದಿಂದ ಹೊರನಡೆದದ್ದು ಆ ದಿನಗಳಲ್ಲಿಯೇ. ಗುಂಡು ಹಾರುತ್ತಿದ್ದಾಗ ಬಹಿರಂಗವಾಗಿ ಆಡಬಹುದಾಗಿದ್ದ ಮಾತನ್ನು, ಅರುವತ್ತು ವರ್ಷ ಕಳೆದ ಮೇಲೆ ಕೋಣೆಯೊಳಗೆ ಬೀಗ ಹಾಕಿ ಇಡಬೇಕಾದದ್ದು ಹೇಗೆ?

ವರದಿಯ ಬಗ್ಗೆ ಬಂದ ಅಧಿಕೃತ ಉತ್ತರಗಳನ್ನು ನಾನು ಗೌರವದಿಂದಲೇ ಓದಿದ್ದೇನೆ. 1963ರ ಸೆಪ್ಟೆಂಬರ್ 2ರಂದು ಆಗಿನ ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಅದರ ಸಾರಾಂಶವನ್ನಷ್ಟೇ ಸಂಸತ್ತಿಗೆ ಹೇಳಿ, ಪ್ರಕಟಿಸಿದರೆ ಭದ್ರತೆಗೆ, ಸೇನೆಯ ಮನೋಬಲಕ್ಕೆ ಧಕ್ಕೆ ಎಂದರು. ಸೋತು ಒಂದು ವರ್ಷವೂ ಆಗಿರದ ಆ ಹೊತ್ತಿಗೆ ಅದು ಒಪ್ಪುವ ಮಾತೇ. 2010ರಲ್ಲಿ ಎ.ಕೆ. ಆಂಟನಿಯವರು ವರದಿ ಅತ್ಯಂತ ಸೂಕ್ಷ್ಮವಾದದ್ದು, ಇಂದಿಗೂ ಸೇನಾ ಕಾರ್ಯಾಚರಣೆಗೆ ಪ್ರಸ್ತುತವಾದದ್ದು ಎಂದರು. 2014ರ ಜುಲೈನಲ್ಲಿ ಅರುಣ್ ಜೇಟ್ಲಿಯವರು ಪ್ರಕಟಣೆ ರಾಷ್ಟ್ರಹಿತಕ್ಕೆ ಒಳ್ಳೆಯದಲ್ಲ ಎಂದರು. ಅದಕ್ಕೆ ಕೆಲವೇ ತಿಂಗಳ ಮುಂಚೆ, ವಿರೋಧ ಪಕ್ಷದಲ್ಲಿದ್ದಾಗ, ಅವರ ಪಕ್ಷದವರೇ ವರದಿ ಹೊರಬರಲಿ ಎಂದು ಕೇಳಿದ್ದರು. ಪಕ್ಷಗಳು ಬದಲಾದರೂ ಉತ್ತರ ಬದಲಾಗಲಿಲ್ಲ.

ಈ ನಡುವೆ, 2014ರ ಮಾರ್ಚ್‌ನಲ್ಲಿ, ಒಂದು ಕಾಲಕ್ಕೆ ಲಂಡನ್ನಿನ ಪತ್ರಿಕೆಗೆ ದೆಹಲಿ ವರದಿಗಾರರಾಗಿದ್ದ ನೆವಿಲ್ ಮ್ಯಾಕ್ಸ್‌ವೆಲ್ ಅವರು ವರದಿಯ ಮೊದಲ ಸಂಪುಟದ ಹೆಚ್ಚಿನ ಪುಟಗಳನ್ನು ತಮ್ಮ ಜಾಲತಾಣದಲ್ಲಿ ಹಾಕಿಬಿಟ್ಟರು. ಆ ರಾತ್ರಿ ನನಗೊಂದು ಫೋನ್ ಬಂತು. ಅದೇ ವಿದ್ಯಾರ್ಥಿನಿ, ಆ ಹೊತ್ತಿಗೆ ಮೈಸೂರಿನಲ್ಲಿ ಪದವಿ ಓದುತ್ತಿದ್ದಳು. “ಸಾರ್, ಕೊನೆಗೂ ಬಂತು, ನೋಡಿದಿರಾ?” ಎಂದು ಕೇಳಿದ ದನಿಯಲ್ಲಿ ಸಂತೋಷವಿತ್ತು. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದಾಗ ಆ ಸಂತೋಷವಿರಲಿಲ್ಲ. “ನಡುವೆ ನಲವತ್ತಕ್ಕೂ ಹೆಚ್ಚು ಪುಟ ಇಲ್ಲ ಸಾರ್. ಎರಡನೇ ಸಂಪುಟವೂ ಇಲ್ಲ. ನಮ್ಮ ಸೈನಿಕರ ಕಥೆಯನ್ನು ಹೊರದೇಶದವರ ಕೈಯಿಂದ, ಅದೂ ಹರಿದ ಪುಸ್ತಕದಲ್ಲಿ ಓದಬೇಕಾ?” ಎಂದಳು. ಮ್ಯಾಕ್ಸ್‌ವೆಲ್ ಅವರು ಯುದ್ಧದ ಹೊಣೆಯನ್ನು ಬಹುಪಾಲು ಭಾರತದ ಮೇಲೆ ಹೊರಿಸಿದವರು. ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅದನ್ನು ಅಲ್ಲಗಳೆಯಲು ಬೇಕಾದ ಸಾಕ್ಷ್ಯ ನಮ್ಮ ಸರ್ಕಾರದ ಬಳಿಯೇ ಇದ್ದು, ಸರ್ಕಾರವೇ ಅದನ್ನು ಕೊಡದಿರುವಾಗ, ಲೋಕದ ಮುಂದೆ ಅವರ ವಾದವೇ ಗಟ್ಟಿಯಾಗಿ ನಿಲ್ಲುತ್ತದೆ. ಗುಟ್ಟು ಉಳಿದಿಲ್ಲ, ಉಳಿದಿರುವುದು ಅನುಮಾನ ಮಾತ್ರ.

ವಿಚಾರಣೆಗೂ ಮಿತಿಗಳಿದ್ದವು ಎಂಬುದು ನನಗೆ ತಿಳಿದಿದೆ. ತರಬೇತಿ, ಸಲಕರಣೆ, ಅಧಿಕಾರ ವ್ಯವಸ್ಥೆ, ಸೈನಿಕರ ದೈಹಿಕ ಸಾಮರ್ಥ್ಯ, ದಳಪತಿಗಳ ಯೋಗ್ಯತೆ ಇಂಥ ಸೈನಿಕ ವಿಷಯಗಳನ್ನಷ್ಟೇ ನೋಡಲು ಇಬ್ಬರು ಅಧಿಕಾರಿಗಳಿಗೆ ಹೇಳಲಾಗಿತ್ತು. ಸಚಿವರ, ಕಾರ್ಯದರ್ಶಿಗಳ ತೀರ್ಮಾನಗಳ ಕಡತಗಳು ಅವರ ವ್ಯಾಪ್ತಿಯಲ್ಲಿರಲಿಲ್ಲ. ಆದ್ದರಿಂದಲೇ ನನ್ನ ಕೋರಿಕೆ ವರದಿಗಷ್ಟೇ ಸೀಮಿತವಲ್ಲ. 1961ರ ನವೆಂಬರ್ 2ರ ಸಭೆಯ ನಡಾವಳಿ, ಡಿಸೆಂಬರ್ 5ರ ಆದೇಶ, 1962ರ ಸೆಪ್ಟೆಂಬರ್‌ನ ಸಭೆಗಳ ಟಿಪ್ಪಣಿಗಳು, ಗುಪ್ತಚರ ದಳದ ಆ ಕಾಲದ ಅಂದಾಜುಗಳು ಒಟ್ಟಿಗೆ ಹೊರಬಂದರೆ ಮಾತ್ರ ಯುದ್ಧ ಹೇಗೆ ಆರಂಭವಾಯಿತೆಂಬ ಚರ್ಚೆಗೆ ಒಂದು ನೆಲೆ ಸಿಗುತ್ತದೆ.

ಇದು ನಮಗೆ ಹೊಸದೂ ಅಲ್ಲ. ಕಾರ್ಗಿಲ್ ಕದನ ಮುಗಿದ ಕೆಲವೇ ತಿಂಗಳಲ್ಲಿ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿಯ ವರದಿಯನ್ನು, ಸೂಕ್ಷ್ಮವೆನಿಸಿದ ಭಾಗಗಳನ್ನು ಮರೆಮಾಡಿ, 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ಅದರಿಂದ ಸೇನೆ ಕುಗ್ಗಲಿಲ್ಲ. ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸೋತ ಅರ್ಜೆಂಟೀನಾ ಬಹುಕಾಲ ಮುಚ್ಚಿಟ್ಟಿದ್ದ ತನ್ನ ರಾಟೆನ್‌ಬಾಖ್ ಆಯೋಗದ ವರದಿಯನ್ನು 2012ರಲ್ಲಿ ತೆರೆಯಿತು. 2008ರ ಆಗಸ್ಟ್‌ನಲ್ಲಿ ರಷ್ಯಾ ಮತ್ತು ಜಾರ್ಜಿಯಾ ಐದು ದಿನ ಕಾದಾಡಿದ ಮೇಲೆ ಐರೋಪ್ಯ ಒಕ್ಕೂಟ ನೇಮಿಸಿದ ಹೈಡಿ ಟಾಲ್ಯಾವಿನಿ ನೇತೃತ್ವದ ತಂಡ ಮರುವರ್ಷವೇ ವರದಿ ಪ್ರಕಟಿಸಿ, ಮೊದಲು ಫಿರಂಗಿ ಹಾರಿಸಿದ್ದು ಜಾರ್ಜಿಯಾ, ಆದರೆ ಅದು ಬಹುಕಾಲದ ಕೆಣಕುವಿಕೆಯ ಕೊನೆಯ ಹಂತ, ರಷ್ಯಾದ ಪ್ರತಿಕ್ರಿಯೆಯೂ ಮಿತಿ ಮೀರಿದ್ದು ಎಂದು ಎರಡೂ ಕಡೆಗೆ ಬಿಡಿಸಿ ಹೇಳಿತು. ಗುಂಡು ಹಾರಿದ ಪ್ರಶ್ನೆ ಬೇರೆ, ದಾರಿ ಮಾಡಿದ ಪ್ರಶ್ನೆ ಬೇರೆ ಎಂದು ನಾನು ಮೇಲೆ ಹೇಳಿದೆನಲ್ಲ, ಅದನ್ನೇ ಅವರು ಕಡತಗಳ ಆಧಾರದ ಮೇಲೆ ಮಾಡಿ ತೋರಿಸಿದರು.

ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಸಚಿವಾಲಯವೇ 2021ರ ಜೂನ್‌ನಲ್ಲಿ ಹೊಸ ನೀತಿಯೊಂದನ್ನು ಒಪ್ಪಿಕೊಂಡಿದೆ. ಯುದ್ಧ ಮತ್ತು ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳೊಳಗೆ ಗೋಪ್ಯತೆಯಿಂದ ಬಿಡಿಸಬೇಕು, 25 ವರ್ಷಕ್ಕಿಂತ ಹಳೆಯವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕು ಎಂದು ಅದು ಹೇಳುತ್ತದೆ. ಅದನ್ನು ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಹೆಂಡರ್ಸನ್ ಬ್ರೂಕ್ಸ್ ವರದಿಗೆ 25 ವರ್ಷ ತುಂಬಿದ್ದು 1988ರಲ್ಲಿ.

ಗಡಿಯ ಮಾತುಕತೆ ಇನ್ನೂ ನಡೆಯುತ್ತಿರುವುದರಿಂದ ಕೆಲವು ಸಾಲುಗಳು ಈಗಲೂ ಸೂಕ್ಷ್ಮವಿರಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಥ ಸಾಲುಗಳ ಮೇಲೆ ಕಪ್ಪು ಬಳಿಯಿರಿ, ಯಾಕೆ ಬಳಿದಿರೆಂದು ಪುಟದ ಅಂಚಿನಲ್ಲಿ ಬರೆಯಿರಿ, ಉಳಿದದ್ದನ್ನು ಕೊಡಿ. ಸೇನಾಧಿಕಾರಿಗಳು, ಇತಿಹಾಸಕಾರರು, ಪತ್ರಾಗಾರದ ತಜ್ಞರು ಇರುವ ಒಂದು ಸಣ್ಣ ಸಮಿತಿಗೆ ಆರು ತಿಂಗಳ ಗಡುವು ಕೊಟ್ಟು ಈ ಕೆಲಸ ವಹಿಸಿ. ಬಿಡುಗಡೆಯಾದ ಪುಟಗಳನ್ನು ಕನ್ನಡವೂ ಸೇರಿದಂತೆ ಭಾರತದ ಭಾಷೆಗಳಿಗೆ ಅನುವಾದ ಮಾಡಿಸಿ. ನಾಮ್‌ಕಾ ಚು ದಂಡೆಯಲ್ಲಿ ಬಿದ್ದವರ ಮನೆಗಳಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುವುದಿಲ್ಲ. ಬರುವ ಅಕ್ಟೋಬರ್ 20ರೊಳಗೆ ಸಮಿತಿಯ ನೇಮಕವನ್ನಾದರೂ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ. ನನ್ನ ವಿದ್ಯಾರ್ಥಿನಿ ಈಗ ಸ್ವತಃ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಹೇಳಿಕೊಡುತ್ತಿದ್ದಾಳೆ, ಆ ದಿನ ತನ್ನ ಮಕ್ಕಳಿಗೆ ಮತ್ತೆ ಅದೇ ವಿಷಯದ ಮೇಲೆ ಚರ್ಚಾಸ್ಪರ್ಧೆ ಇಟ್ಟಿದ್ದಾಳೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ
ಕುಶಾಲನಗರ, ಕೊಡಗು ಜಿಲ್ಲೆ